ಮೂರು ಸಲ ಕೂಗಿದ ಹೆಸರು

ಗುಂಡ್ಲುಪೇಟೆ
14 ಜೂನ್ 2025

ಮೇಷ್ಟ್ರೇ, ನಿಮ್ಮ ಶಿಷ್ಯ ಶಿವಮಲ್ಲುವಿನ ನಮಸ್ಕಾರ.

ನಿಮಗೆ ಫೋನ್ ಮಾಡಿದರೆ ನಾನೊಬ್ಬನೇ ಮಾತಾಡಬೇಕು, ಆ ಕಡೆ ನೀವು ಉಸಿರು ಬಿಡುವುದನ್ನು ಕೇಳಿಸಿಕೊಳ್ಳಬೇಕು. ಗಂಟಲಿನ ಆಪರೇಷನ್ ಆದ ಮೇಲೆ ಎರಡು ಸಲ ಮಾಡಿ ನೋಡಿದೆ. ನನ್ನ ಕೈಲಾಗಲಿಲ್ಲ. ಅದಕ್ಕೇ ಈ ಕಾಗದ. ನೀವೇ ಕಲಿಸಿದ ಅಕ್ಷರ, ತಪ್ಪಿದ್ದರೆ ಕೆಂಪು ಇಂಕಿನಲ್ಲಿ ತಿದ್ದಿ ವಾಪಸ್ ಕಳಿಸಬೇಡಿ.

ಬೇಗೂರಿನ ದಿಲೀಪ ಗೊತ್ತಲ್ಲ, ಮೈಸೂರಿನ ಬ್ಯಾಸ್ಕೆಟ್‌ಬಾಲ್ ಟೀಮಿಗೆ ನಾಲ್ಕು ವರ್ಷ ಫಾರ್ವರ್ಡ್ ಆಡಿದವನು? ಅವರು ಈ ವರ್ಷ ಅವನನ್ನು ಬಿಟ್ಟಿದ್ದಾರೆ. ಈಗ ಅವನು ಯಾರ ಟೀಮಿನವನೂ ಅಲ್ಲ. ಹುಡುಗರು ಇದಕ್ಕೆ ಫ್ರೀ ಏಜೆಂಟ್ ಅನ್ನುತ್ತಾರೆ. ನಮ್ಮ ಟೀ ಅಂಗಡಿ ಮರಿಯಪ್ಪ ಮಾತ್ರ, "ಅಗ್ಗ ಬಿಚ್ಕಂಡಿರೋ ಓರಿ ಕಣ್ಲಾ, ಯಾರು ಮೊದ್ಲು ಇಡೀತಾರೋ ಅವ್ರುದು" ಅಂದ.

ನಮ್ಮ ಹೆದ್ದಾರಿ ಬಳಗದ ಪರಿಸ್ಥಿತಿ ನಿಮಗೆ ಹೇಳಬೇಕಾಗಿಲ್ಲ. ಎರಡು ವರ್ಷದಿಂದ ಜಿಲ್ಲಾ ಟೂರ್ನಿಯಲ್ಲಿ ಮೊದಲ ಮ್ಯಾಚಿಗೇ ಮನೆಗೆ ಬರುತ್ತಿದ್ದೇವೆ. ಸುಧಾಕರ ತೀರಿಹೋದ ಮೇಲೆ ರಿಂಗಿನ ಕೆಳಗೆ ನಿಂತು ಆಡುವವರೇ ಇಲ್ಲ. ಮಂಡಿಯಲ್ಲಿ ಈರುಳ್ಳಿ ತುಂಬಿಸಿಕೊಳ್ಳುವ ಕೇರಳದ ಲಾರಿ ಡ್ರೈವರ್‌ಗಳು ಕೂಡ ಈಗ ನಮ್ಮ ಆಟ ನೋಡಲು ನಿಲ್ಲುವುದಿಲ್ಲ.

ಹೊರಗಿನ ಆಟಗಾರನನ್ನು ಸೇರಿಸಿಕೊಳ್ಳುವುದಾದರೆ ಸ್ಥಾಪಕ ಸದಸ್ಯರು ಏಳೂ ಮಂದಿ ತಮ್ಮ ಅಭಿಪ್ರಾಯ ಕಾಗದದ ಮೇಲೆ ಬರೆದುಕೊಡಬೇಕು, ಹೆಚ್ಚು ಮಂದಿ ಹೇಳಿದಂತೆ ನಡೆಯಬೇಕು ಎಂದು ನಿಯಮ ಮಾಡಿದವರು ನೀವೇ. ಮೂವರು ಬೇಕು ಅಂದಿದ್ದಾರೆ, ಮೂವರು ಬೇಡ ಅಂದಿದ್ದಾರೆ. ನಾನು ಬೇಕು ಅಂದವರ ಪೈಕಿ. ಇನ್ನು ಉಳಿದದ್ದು ನಿಮ್ಮದು.

ದಿಲೀಪ ಒಂದು ಷರತ್ತು ಹಾಕಿದ್ದಾನೆ. ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ಅವನ ಆಟದ ಬಗ್ಗೆ ಹೇಳಿ.

ನಿಮ್ಮ ಕಾಗದದ ದಾರಿ ನೋಡುತ್ತಾ,
ಶಿವಮಲ್ಲು


ಚಾಮರಾಜನಗರ
22 ಜೂನ್ 2025

ಶಿವಮಲ್ಲು,

ನಿನ್ನ ಕಾಗದದಲ್ಲಿ ಆರು ತಪ್ಪಿವೆ. ತಿದ್ದಿಲ್ಲ, ಎಣಿಸಿದ್ದೇನೆ ಅಷ್ಟೇ.

ಇಲ್ಲಿ ಮಗಳು ಕಾವ್ಯಶ್ರೀ ಮನೆಯಲ್ಲಿ ಎಲ್ಲ ಚೆನ್ನಾಗಿದೆ. ಎದುರಿಗೆ ಅರಿಶಿನದ ಗೋಡೌನು, ಗಾಳಿ ಬಂದರೆ ಕಿಟಕಿಯ ಸರಳೆಲ್ಲ ಹಳದಿ. ಮಾತಾಡಬೇಕಾದರೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತೇನೆ. ನಲವತ್ತು ವರ್ಷ ಮಕ್ಕಳ ಕೈಗೆ ಸ್ಲೇಟು ಕೊಟ್ಟವನ ಕೈಗೆ ಕೊನೆಗೆ ಸ್ಲೇಟೇ ಬಂತು.

ದಿಲೀಪನ ಆಟವನ್ನು ಮೈಸೂರಿನಲ್ಲಿ ಮೂರು ಸಲ ನೋಡಿದ್ದೇನೆ. ಎತ್ತರ ಇದೆ, ಕೈ ಮೃದು, ಎಡಗಡೆಯಿಂದ ನುಗ್ಗಿದರೆ ತಡೆಯುವವರಿಲ್ಲ. ಆದರೆ ಬಾಲ್ ಹಾಕುವಾಗ ಹುಲಿ, ತಡೆಯುವಾಗ ಮದುವೆ ಮನೆಗೆ ಬಂದ ನೆಂಟ. ತನ್ನ ಪಾಡಿಗೆ ನಿಂತಿರುತ್ತಾನೆ, ಬಡಿಸುವವರು ಬಡಿಸಲಿ ಎಂದು. ಫ್ರೀ ಥ್ರೋ ಅಂತೂ ಹತ್ತಕ್ಕೆ ಐದು. ಬಿಗಿ ಮ್ಯಾಚಿನಲ್ಲಿ ಕೊನೆಯ ನಿಮಿಷಕ್ಕೆ ಅವನ ಕೈಯಲ್ಲಿ ಬಾಲ್ ಇದ್ದರೆ ನೀನು ಕಣ್ಣು ಮುಚ್ಚಿಕೊಳ್ಳುತ್ತೀಯ. ಸುಧಾಕರನ ಜಾಗಕ್ಕೆ ಇವನೇ?

ಷರತ್ತು ಏನೆಂದು ಬರೆಯದೆ ಬಾಲವನ್ನಷ್ಟೇ ತೋರಿಸಿದ್ದೀಯ. ಹಾವೋ ಹಗ್ಗವೋ ಅದನ್ನು ಮೊದಲು ಹೇಳು.

ಗಂಗಾಧರಸ್ವಾಮಿ


ಗುಂಡ್ಲುಪೇಟೆ
3 ಜುಲೈ 2025

ಮೇಷ್ಟ್ರೇ,

ಮದುವೆ ಮನೆಯ ನೆಂಟ ಅಂದಿರಿ. ಕರೆದರೆ ಬರುವ ನೆಂಟನಾದರೂ ಇರಲಿ ಬಿಡಿ, ನಮ್ಮ ಮದುವೆಗೆ ಈಗ ಯಾರೂ ಬರುತ್ತಿಲ್ಲ.

ಷರತ್ತಿನ ವಿಷಯ. ಮೇ ತಿಂಗಳಲ್ಲಿ ನಮ್ಮದೊಂದು ಮ್ಯಾಚ್ ನೋಡಲು ದಿಲೀಪ ಬಂದಿದ್ದ. ಶುರುವಾಗುವ ಮುಂಚೆ ಎಂದಿನಂತೆ ಮೈಕಿನಲ್ಲಿ ಆಟಗಾರರ ಹೆಸರು ಕೂಗಿದೆವು. ನಮ್ಮ ಐವರಿಗಿಂತ ಮೊದಲು ಸುಧಾಕರನ ಹೆಸರು, ಮೂರು ಸಲ. ಜನ ಎದ್ದು ನಿಂತು "ಬಂದ!" ಅಂದರು. ನಮಗೆ ಆರು ವರ್ಷದಿಂದ ರೂಢಿ. ದಿಲೀಪ ಮಾತ್ರ ಬಿಳಿಚಿಕೊಂಡ. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಅಣ್ಣ, ನಾನು ಬತ್ತೀನಿ. ದುಡ್ ಗಿಡ್ಡು ನಂಗೇನೂ ಬ್ಯಾಡ. ಆದ್ರೆ ಅವ್ರ ಎಸ್ರು ಕೂಗದು ನಿಲ್ಸಿ. ಜನ ಬಂದ ಅಂದ್ರಲ್ಲ, ಆಗ ನನ್ ಬೆನ್ ಇಂದ್ಗಡೆ ಯಾರೋ ಬಂದು ಉಸ್ರು ಬುಟ್ಟಂಗಾಯ್ತು."

ನಿಮಗೆ ಹೇಳದೆ ಮುಚ್ಚಿಟ್ಟದ್ದು ಇನ್ನೊಂದಿದೆ. ನಿಮ್ಮ ದನಿ ಹೋದ ಮೇಲೆ ನಾವ್ಯಾರೂ ಆ ಹೆಸರು ಕೂಗಲು ಒಪ್ಪಲಿಲ್ಲ. ನೀವು ಹಿಂದೆ ಕೂಗಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿಟ್ಟಿದ್ದರು. ಅದನ್ನೇ ಮೈಕಿಗೆ ಹಿಡಿಯುತ್ತೇವೆ. ಮೊಬೈಲು ಹಿಡಿಯುವವನು ನಾನು. ನಿಜ ಹೇಳುತ್ತೇನೆ ಮೇಷ್ಟ್ರೇ, ನನಗೆ ಹೆದರಿಕೆಯಾಗುತ್ತದೆ. ಕೂಗುವ ದನಿಯೂ ಇಲ್ಲ, ಓಗೊಡುವವನೂ ಇಲ್ಲ. ಕೂಗು ಮಾತ್ರ ಹೆದ್ದಾರಿ ದಾಟಿ ಹೋಗುತ್ತದೆ.

ಬೇಡ ಅನ್ನುವ ಮೂವರೂ ಪುಟ್ಟಸಿದ್ದಮ್ಮನ ಹೆಸರು ಹೇಳುತ್ತಾರೆ. ಪ್ರತಿ ಮ್ಯಾಚಿಗೂ ಸುಧಾಕರನ ತಾಯಿ ರಸ್ತೆ ದಾಟಿ ಬಂದು, ಬೇಲಿಯ ತಂತಿ ಹಿಡಿದು, ಮಗನ ಹೆಸರು ಕೇಳಿ, ಬಾಯಲ್ಲೇ ಏನೋ ಅಂದುಕೊಂಡು ಹೋಗುತ್ತಾರಲ್ಲ. ಅವರಿಗಿರುವ ಒಂದು ಸಂತೋಷವನ್ನು ಕಿತ್ತುಕೊಳ್ಳಬಾರದು ಅನ್ನುತ್ತಾರೆ. ನೀವೇನು ಹೇಳುತ್ತೀರಿ, ಬರೆಯಿರಿ.

ಶಿವಮಲ್ಲು


ಚಾಮರಾಜನಗರ
7 ಜುಲೈ 2025

ಶಿವಮಲ್ಲು,

ಹೆಸರು ನಿಲ್ಲಕೂಡದು. ಟೀಮು ಸೋಲಲಿ, ಮೊದಲ ಮ್ಯಾಚಿಗೇ ಮನೆಗೆ ಬರಲಿ, ಟೂರ್ನಿಗೆ ಹೋಗದಿದ್ದರೂ ಸರಿ. ನನ್ನ ಅಭಿಪ್ರಾಯ ಬೇಡ ಎಂದೇ ಬರೆದುಕೋ.

ನನ್ನ ಗಂಟಲನ್ನು ಡಾಕ್ಟರು ತೆಗೆದರು. ಉಳಿದಿರುವ ಆ ಮೂರು ಕೂಗನ್ನು ನೀನು ತೆಗೆಯಬೇಡ.

ಗಂಗಾಧರಸ್ವಾಮಿ


ಗುಂಡ್ಲುಪೇಟೆ
2 ಆಗಸ್ಟ್ 2025

ಮೇಷ್ಟ್ರಿಗೆ,

ನಿಮ್ಮ ನಾಲ್ಕು ಸಾಲಿನ ಕಾಗದ ಬಂದು ಮೂರು ವಾರ ಆಯಿತು. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಸಣ್ಣವನ ಬಾಯಲ್ಲಿ ದೊಡ್ಡ ಮಾತು ಅನ್ನಿಸಿದರೆ ಕ್ಷಮಿಸಿ.

ಬಿಸಿಲಲ್ಲಿ ಮೈ ಸುಟ್ಟುಕೊಂಡು ಅಭ್ಯಾಸ ಮಾಡುವ ಹುಡುಗರಿದ್ದಾರೆ. ಅವರು ಒಂದಾದರೂ ಮ್ಯಾಚ್ ಗೆಲ್ಲಬೇಡವೇ? ಸುಧಾಕರ ನನ್ನ ಗೆಳೆಯನೂ ಹೌದು. ಅವನಿದ್ದಿದ್ದರೆ ದಿಲೀಪನನ್ನು ಬೇಗೂರಿನಿಂದ ಬೈಕಿನಲ್ಲಿ ಕೂರಿಸಿಕೊಂಡು ಅವನೇ ಕರೆತರುತ್ತಿದ್ದ. ನಿಮಗಿರುವುದು ಸುಧಾಕರನ ಮೇಲಿನ ಪ್ರೀತಿಯೋ, ನಿಮ್ಮ ದನಿಯ ಮೇಲಿನ ಮೋಹವೋ? ನನಗೆ ಅನುಮಾನ ಬಂದಿದೆ.

ಮಂಡ್ಯದವರು ದಿಲೀಪನನ್ನು ಕೇಳುತ್ತಿದ್ದಾರೆ. ಸೆಪ್ಟೆಂಬರ್ ಇಪ್ಪತ್ತಕ್ಕೆ ಹೆಸರು ಕೊಡುವ ಕೊನೆಯ ದಿನ. ನೀವು ಬೇಡ ಅನ್ನುವುದಕ್ಕೆ ಒಂದು ಕಾರಣವನ್ನಾದರೂ ಬರೆಯಿರಿ. ಅಪ್ಪಣೆ ಕೊಟ್ಟರೆ ಪಾಲಿಸಲು ನಾವು ಈಗ ಮೂರನೇ ಕ್ಲಾಸಿನಲ್ಲಿಲ್ಲ.

ಶಿವಮಲ್ಲು


ಚಾಮರಾಜನಗರ
30 ಆಗಸ್ಟ್ 2025

ಶಿವಮಲ್ಲು,

ಕಾರಣ ಕೇಳಿದ್ದೀಯ. ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದನ್ನು ಓದಿದ ಮೇಲೆ ನನ್ನನ್ನು ಮೇಷ್ಟ್ರು ಅನ್ನುವುದು ಬಿಡುವುದು ನಿನಗೆ ಸೇರಿದ್ದು.

ಸುಧಾಕರ ಮ್ಯಾಚಿಗೆ ತಡವಾಯಿತೆಂದು ಅವಸರದಲ್ಲಿ ರಸ್ತೆ ದಾಟುವಾಗ ಲಾರಿಗೆ ಸಿಕ್ಕಿದ ಎಂದು ಊರೆಲ್ಲ ನಂಬಿದೆ. ನೀನೂ ನಂಬಿದ್ದೀಯ. ಆ ದಿನ ಅವನು ಆಡುವವನೇ ಅಲ್ಲ.

2019ರ ಸಂಕ್ರಾಂತಿಯ ಮಾರನೆಯ ದಿನ. ಕರೆಂಟ್ ಕಂಬದಿಂದ ಇಳಿಯುವಾಗ ಅವನ ಕಾಲು ಉಳುಕಿತ್ತು. ಲೈನ್‌ಮನ್ ಕೆಲಸ, ಅವನಿಗೆ ಅದೇನೂ ಹೊಸದಲ್ಲ. ಬರುವುದಿಲ್ಲ ಎಂದು ಕ್ಯಾಪ್ಟನ್ ದೊರೆಸ್ವಾಮಿಗೆ ಹೇಳಿ ಕಳಿಸಿದ್ದ. ದೊರೆಸ್ವಾಮಿ ನನಗೆ ಕೊಟ್ಟ ಚೀಟಿಯಲ್ಲಿ ಐದು ಹೆಸರಿತ್ತು. ಮೇಲಿನ ಹೆಸರನ್ನು ಹೊಡೆದುಹಾಕಿ ಪಕ್ಕದಲ್ಲಿ ಬೇರೆ ಹೆಸರು ಬರೆದಿದ್ದ. ನಾನು ನೋಡಿದೆ. ಚೆನ್ನಾಗಿ ನೋಡಿದೆ. ಎದುರು ಟೀಮು ಬಲವಾಗಿತ್ತು. ಅವನಿಲ್ಲದೆ ಗೆಲ್ಲುವುದಿಲ್ಲ ಎಂದು ಗೊತ್ತಿತ್ತು. ಅವನ ಮನೆ ರಸ್ತೆಯ ಆಚೆಗೆ, ನಮ್ಮ ಮೈಕಿನ ಬಾಯಿ ಆ ಕಡೆಗೇ ಇತ್ತು. ಕೂಗಿದರೆ ಅವನು ಮನೆಯಲ್ಲಿ ಕೂರುವವನಲ್ಲ ಎಂಬುದೂ ಗೊತ್ತಿತ್ತು. ಮೂರು ಸಲ ಕೂಗಿದೆ.

ದೊರೆಸ್ವಾಮಿ ಬೆಂಚಿನಿಂದ ಕೈಯಾಡಿಸಿದ. ನೋಡದವನಂತೆ ಇದ್ದೆ. ಆಮೇಲೆ ಅವನು ನನ್ನ ಕೈ ಹಿಡಿದು, "ನೀವು ಚೀಟಿ ಸರ್ಯಾಗಿ ನೋಡ್ಕಂಡಿಲ್ಲ ಬುಡಿ ಮೇಷ್ಟ್ರೇ, ಯಾರ್ಗೂ ಏಳಕಿಲ್ಲ" ಅಂದ. ನಾನು ತಲೆಯಾಡಿಸಿದೆ. ಆ ಒಳ್ಳೆಯವನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಹದಿನೈದು ದಿನದ ಮೇಲೆ ಮತ್ತೆ ಮ್ಯಾಚ್ ಇತ್ತು. ಮೈಕ್ ಹಿಡಿದಾಗ ನನ್ನ ಬಾಯಿಂದ ಅವನ ಹೆಸರೇ ಬಂತು, ತಡೆಯಲು ಆಗಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಆಗ ಮರಿಯಪ್ಪ ಟೀ ಅಂಗಡಿಯಿಂದ "ಬಂದ!" ಎಂದು ಕೂಗಿದ. ಜನರೆಲ್ಲ ಕೂಗಿದರು. ನೀವೆಲ್ಲ ಅದನ್ನು ಗೌರವ ಎಂದುಕೊಂಡಿರಿ. ನನಗೆ ಆ ಒಂದು ಗಳಿಗೆ ಅವನು ರಸ್ತೆ ದಾಟಿ, ಏನೂ ಆಗದೆ, ಅಂಗಳಕ್ಕೆ ಬಂದು ನಿಂತಂತಿತ್ತು. ಆರು ವರ್ಷ ಆ ಗಳಿಗೆಗಾಗಿ ಬದುಕಿದ್ದೇನೆ. ಅದು ನಿಂತರೆ ನನಗೆ ಉಳಿಯುವುದು ಮೊದಲ ದಿನದ ಕೂಗು ಒಂದೇ. ಆ ಕೂಗಿಗೆ "ಬಂದ" ಅನ್ನುವವರು ಯಾರೂ ಇಲ್ಲ.

ಇದು ನನ್ನ ಕಾರಣ. ನಾನು ಕೊಂದೆ ಎಂದು ಬಾಯಿಬಿಟ್ಟು ಹೇಳಲು ದನಿ ಇದ್ದಾಗ ಧೈರ್ಯವಿರಲಿಲ್ಲ.

ಗಂಗಾಧರಸ್ವಾಮಿ


ಗುಂಡ್ಲುಪೇಟೆ
5 ಸೆಪ್ಟೆಂಬರ್ 2025

ಮೇಷ್ಟ್ರೇ,

ನಾನು ಹಾಗೆಯೇ ಕರೆಯುತ್ತೇನೆ. ಬೇರೆ ಕರೆಯಲು ನನಗೆ ಬರುವುದಿಲ್ಲ. ಆ ದಿನ ನಾನೂ ಬೆಂಚಿನ ಹಿಂದೆ ನಿಂತು, ಸುಧಾಕರ ಯಾಕಿನ್ನೂ ಬಂದಿಲ್ಲ ಎಂದು ಗೊಣಗಿದವನೇ. ನಿಮ್ಮ ಕೈಯಲ್ಲಿ ಮೈಕಿತ್ತು, ನನ್ನ ಕೈಯಲ್ಲಿರಲಿಲ್ಲ. ವ್ಯತ್ಯಾಸ ಅಷ್ಟೇ ಎಂದು ಎರಡು ದಿನದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ನಿನ್ನೆ ಪುಟ್ಟಸಿದ್ದಮ್ಮನ ಮನೆಗೆ ಹೋಗಿದ್ದೆ. ನಿಮ್ಮ ಕಾಗದದ ವಿಷಯ ಎತ್ತಲಿಲ್ಲ, ಆಣೆಯಾಗಿಯೂ ಎತ್ತಲಿಲ್ಲ. ಹೊಸ ಹುಡುಗ ಬರುತ್ತಾನೆ, ಸುಧಾಕರನ ಹೆಸರು ಕೂಗುವುದನ್ನು ನಿಲ್ಲಿಸಿದರೆ ಬೇಜಾರಾಗುತ್ತದೆಯೇ ಎಂದಷ್ಟೇ ಕೇಳಿದೆ. ಬೆಳ್ಳುಳ್ಳಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿದರು.

"ಮೇಷ್ಟ್ರು ಏನಂದ್ರು?"

"ನಿಲ್ಸ್‌ಬ್ಯಾಡ ಅಂದವ್ರೆ."

ಮೊರವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ನಾನೇ ಅವ್ರಿಗೆ ಕಾಗ್ದ ಬರುಸ್ತೀನಿ. ನೀನು ಓಗು" ಅಂದರು.

ಶಿವಮಲ್ಲು


ಗುಂಡ್ಲುಪೇಟೆ
9 ಸೆಪ್ಟೆಂಬರ್ 2025

ಮೇಷ್ಟ್ರಿಗೆ ನಮಸ್ಕಾರ. ನಾನು ಸುಧಾಕರನ ಅಕ್ಕ ರಂಜಿನಿ. ಅವ್ವ ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ತಿದ್ದಬಾರದಂತೆ, ಹೇಳಿದ ಹಾಗೆಯೇ ಬರೆಯಬೇಕಂತೆ.

ಮೇಷ್ಟ್ರೇ, ಶಿವಮಲ್ಲು ಬಂದಿದ್ದ. ನೀವು ನನ್ ಸಲ್ವಾಗಿ ಬ್ಯಾಡ ಅಂದಿರ್ಬೌದು. ಅದ್ಕೆ ಏಳ್ತಾ ಇವ್ನಿ.

ಆವತ್ತು ಅವ್ನು ಮನೇಲೇ ಇದ್ದ. ಕಾಲು ಊದ್ಕಂಡಿತ್ತು. ನಾನು ಬಿಸ್ನೀರ್ಗೆ ಉಪ್ಪಾಕಿ ಬೋಗುಣೀಲಿ ಮಡಗಿದ್ದೆ. ಅದ್ರೊಳ್ಗೆ ಕಾಲ್ ಇಳೇಬುಟ್ಕಂಡು ಕುರ್ಚಿ ಮೇಲೆ ಕೂತಿದ್ದ. ಇವತ್ತು ಆಡಕಿಲ್ಲ ಕಣವ್ವ, ದೊರೆಸ್ವಾಮಿಗೆ ಏಳಿವ್ನಿ ಅಂದ. ಅಷ್ಟೊತ್ಗೆ ನೀವು ಕೂಗುದ್ರಿ. ಒಂದ್ಸಲಕ್ಕೆ ನಕ್ಕ. ಮೇಷ್ಟ್ರು ಮರ್ತ್‌ಬುಟ್ಟವ್ರೆ ಅಂದ. ಎಲ್ಡನೇ ಸಲಕ್ಕೆ ಸುಮ್ಗಾದ. ನಾನು ಓಗ್‌ಬ್ಯಾಡ ಕಣಪ್ಪ ಅಂತ ಭುಜ ಇಡ್ಕಂಡೆ. ಮೂರ್ನೇ ಸಲಕ್ಕೆ, ಕೂಗ್ತಾವ್ರೆ ಕಣವ್ವ, ಎಂಗೆ ಕೂರನ ಅಂದ್‌ಬುಟ್ಟು ಒದ್ದೆ ಕಾಲಲ್ಲೇ ಎದ್ದೋದ. ಒಸ್ಲು ತಾವ ಒದ್ದೆ ಎಜ್ಜೆ ಬಿದ್ದಿತ್ತು. ಅದು ಒಣಗಕ್ ಮುಂಚೇನೆ ಜನ ಓಡ್‌ಬಂದ್ರು.

ನೀವು ಬೇಕಂತ ಕೂಗುದ್ರೋ, ಮರ್ತು ಕೂಗುದ್ರೋ, ನಾನು ಕೇಳಕಿಲ್ಲ. ಮೊದ್ಲು ನಿಮ್ಮ ಮೇಲೆ ಬೆಂಕಿಯಂಗೆ ಸಿಟ್ಟಿತ್ತು. ಮಣ್ ತೂರಿ ಸಾಪ ಆಕನ ಅಂತಿದ್ದೆ. ಆಮೇಲೆ ನಿಮ್ ಗಂಟ್ಲು ಓಯ್ತು ಅಂತ ಕೇಳ್ದಾಗ, ನಾನೇ ಅಂದ್‌ಬುಟ್ನೇನೋ ಅಂತ ಎದ್ರುಕಂಡೆ. ನಿಮ್ಗೂ ಅವ್ನ ಮೇಲೆ ಆಸೆ ಇತ್ತು. ಆಸೆ ಇದ್ದೋರೆ ಕೂಗದು.

ಜನ ಅನ್ಕಂಡವ್ರೆ, ಈ ಮುದ್ಕಿ ಮಗನ್ ಎಸ್ರು ಕೇಳಕ್ ಬತ್ತಾಳೆ ಅಂತ. ಅಲ್ಲ ಕಣ್ರಪ್ಪ. ನಿಮ್ ಮೈಕು ಕೂಗ್ದಾಗೆಲ್ಲ ಅವ್ನು ನನ್ ಮನೇಲಿ ಬೋಗುಣಿಯಿಂದ ಕಾಲ್ ಎತ್ಕಂಡು ಎದ್ದೋಯ್ತನೆ. ನಾನು ಇಂದೆ ಓಡ್‌ಬತ್ತೀನಿ. ಬೇಲಿ ಇಡ್ಕಂಡು ಓಗ್‌ಬ್ಯಾಡ ಕಣಪ್ಪ, ಓಗ್‌ಬ್ಯಾಡ ಕಣಪ್ಪ ಅಂತೀನಿ. ಜನ ಎಲ್ಲ ಬಂದ ಅಂತಾರೆ. ಅವ್ರ ಗದ್ಲದಲ್ಲಿ ನನ್ ಮಾತು ಅವ್ನಿಗೆ ಎಲ್ಲಿ ಕೇಳುಸ್ಬೇಕು.

ಆರು ವರ್ಸ ಆಯ್ತು. ಎಷ್ಟ್ ಸಲ ಅಂತ ಆ ರೋಡ್ ದಾಟಾನು ಮೇಷ್ಟ್ರೇ? ಕಾಲ್ ನೋವೈತೆ ಅವ್ನಿಗೆ. ಆ ಬೇಗೂರ್ ಉಡುಗ್ನ ಕರ್ಕಳಿ. ಅವ್ನ ಎಸ್ರು ಕೂಗಿ. ನನ್ ಮಗ ಇನ್ನಾರ ಕೂತ್ಕಳ್ಳಿ ಬುಡಿ.

ಪುಟ್ಟಸಿದ್ದಮ್ಮ (ಹೆಬ್ಬೆಟ್ಟಿನ ಗುರುತು)


ಚಾಮರಾಜನಗರ
13 ಸೆಪ್ಟೆಂಬರ್ 2025

ಶಿವಮಲ್ಲು,

ಬೇಗೂರಿನ ದಿಲೀಪನನ್ನು ಹೆದ್ದಾರಿ ಬಳಗಕ್ಕೆ ಸೇರಿಸಿಕೊಳ್ಳಲು ನನ್ನ ಪೂರ್ಣ ಒಪ್ಪಿಗೆ ಇದೆ. ಈ ಸಾಲನ್ನು ಬಳಗದ ಕಡತಕ್ಕೆ ಸೇರಿಸು. ಇದರ ಜೊತೆಗೆ ಒಂದು ಹಳೆಯ ಚೀಟಿ ಇದೆ. ಆರು ವರ್ಷ ನನ್ನ ಕನ್ನಡಕದ ಡಬ್ಬಿಯಲ್ಲಿತ್ತು. ಅದನ್ನೂ ಕಡತದಲ್ಲಿಡು. ಹೆಸರನ್ನು ಹೊಡೆದುಹಾಕಿದ ಗೆರೆ ಎಷ್ಟು ಸ್ಪಷ್ಟವಾಗಿದೆ ಎಂದು ಕೇಳಿದವರಿಗೆ ತೋರಿಸು.

ಮೊಬೈಲಿನಲ್ಲಿರುವ ನನ್ನ ದನಿಯನ್ನು ಅಳಿಸಿಬಿಡು. ಆ ತಾಯಿಗೆ ಉತ್ತರ ಬರೆಯಲು ಕೂತೆ. ಸ್ಲೇಟಿನ ಮೇಲೂ ಬರಲಿಲ್ಲ, ಕಾಗದದ ಮೇಲೂ ಬರಲಿಲ್ಲ.

ದಿಲೀಪನಿಗೆ ದಿನಕ್ಕೆ ನೂರು ಫ್ರೀ ಥ್ರೋ ಹಾಕಿಸು. ಮೊದಲ ಮ್ಯಾಚ್ ಆದ ಮೇಲೆ ಅವರ ಮನೆಗೆ ಹೋಗಿ ಬಾ. ಏನು ಕಂಡೆ ಎಂದು ಬರೆ.

ಗಂಗಾಧರಸ್ವಾಮಿ


ಗುಂಡ್ಲುಪೇಟೆ
12 ಅಕ್ಟೋಬರ್ 2025

ಮೇಷ್ಟ್ರೇ,

ನಿನ್ನೆ ಸಂಜೆ ನಮ್ಮ ಅಂಗಳದಲ್ಲೇ ಮೊದಲ ಮ್ಯಾಚ್. ಮೂರು ಪಾಯಿಂಟಿನಲ್ಲಿ ಸೋತೆವು. ದಿಲೀಪ ಒಬ್ಬನೇ ಇಪ್ಪತ್ತೆಂಟು ಹಾಕಿದ. ಕೊನೆಯ ನಿಮಿಷದಲ್ಲಿ ಎರಡು ಫ್ರೀ ಥ್ರೋ ಸಿಕ್ಕಿತು, ಎರಡೂ ಹೊರಗೆ. ನಾನು ಕಣ್ಣು ಮುಚ್ಚಿಕೊಂಡಿದ್ದೆ, ನೀವು ಹೇಳಿದ ಹಾಗೆಯೇ. ಆದರೂ ಲಾರಿ ಡ್ರೈವರ್‌ಗಳು ಕೊನೆಯವರೆಗೂ ನಿಂತು ನೋಡಿದರು. ಈ ವರ್ಷ ಒಂದು ಸೋಲಿಗೇ ಹೊರಗೆ ಹಾಕುವುದಿಲ್ಲ, ಮುಂದಿನ ಮ್ಯಾಚ್ ಗೆದ್ದರೆ ಇನ್ನೂ ದಾರಿಯಿದೆ.

ನಿಮ್ಮ ದನಿಯನ್ನು ಅಳಿಸಿದೆ. ಅಳಿಸುವ ಮುಂಚೆ ಒಂದು ಸಲ ಕೇಳೋಣ ಅನ್ನಿಸಿತು. ಕೇಳಲಿಲ್ಲ.

ಹೆಸರುಗಳನ್ನು ನಾನೇ ಓದಿದೆ. ಐದೇ ಹೆಸರು, ಒಂದೊಂದೇ ಸಲ. ಮೊದಲ ಹೆಸರು ದಿಲೀಪನದು. ಮರಿಯಪ್ಪ ಅಭ್ಯಾಸಬಲದಿಂದ "ಬಂದ!" ಎಂದು ಕೂಗಿಬಿಟ್ಟ. ಅವನೊಬ್ಬನೇ. ಆಮೇಲೆ ಟವೆಲಿನಿಂದ ಮುಖ ಮುಚ್ಚಿಕೊಂಡು ಅಂಗಡಿಯ ಒಳಗೆ ಹೋದ. ನಾನು ಬೇಲಿಯ ಕಡೆ ನೋಡಿದೆ. ಆರು ವರ್ಷದಲ್ಲಿ ಮೊದಲ ಸಲ ಅಲ್ಲಿ ಯಾರೂ ಇರಲಿಲ್ಲ.

ಮ್ಯಾಚ್ ಮುಗಿದ ತಕ್ಷಣ ರಸ್ತೆ ದಾಟಿ ಅವರ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಪುಟ್ಟಸಿದ್ದಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಎದುರಿಗೆ ಸುಧಾಕರನ ಕುರ್ಚಿ, ಕುರ್ಚಿಯ ಮುಂದೆ ಬೋಗುಣಿ, ಬೋಗುಣಿಯಲ್ಲಿ ನೀರು. ನೀರಿನ್ನೂ ಹಬೆಯಾಡುತ್ತಿತ್ತು. ನನಗೆ ಗಾಬರಿಯಾಗಿ, "ಅವ್ವಾ, ಯಾಕೆ ಬರ್ಲಿಲ್ಲ?" ಎಂದು ಜೋರಾಗಿಯೇ ಕೇಳಿಬಿಟ್ಟೆ.

ಅವರು ತುಟಿಯ ಮೇಲೆ ಬೆರಳಿಟ್ಟರು. ಅವರ ಮುಖ ಅಷ್ಟು ನೆಮ್ಮದಿಯಾಗಿದ್ದದ್ದನ್ನು ನಾನು ಯಾವತ್ತೂ ಕಂಡಿಲ್ಲ.

"ಮೆತ್ಗೆ ಮಾತಾಡ್ಲಾ," ಅಂದರು. "ಕೂತವ್ನೆ."

ನಿಮ್ಮ
ಶಿವಮಲ್ಲು